ಎಲ್ಲಾದಕ್ಕೂ ಅಲೆಯನ್ನೇ ಬೈದ್ರೆ ಹೇಗೆ, ಬೋಟಿನ ಹೊಟ್ಟೆಯನ್ನೂ ಸ್ವಲ್ಪ ನೋಡಿ

ಸಂಪಾದಕರಿಗೆ ನಮಸ್ಕಾರ,

ಮಳೆಗಾಲ ಶುರುವಾದ್ರೆ ಸಾಕು, ನಿಮ್ಮ ಕರಾವಳಿ ಪುಟದಲ್ಲಿ ವರ್ಷಾ ವರ್ಷ ಒಂದೇ ಥರದ ಹೆಡ್‌ಲೈನ್ ಬರುತ್ತೆ, "ಬೃಹತ್ ಅಲೆಗೆ ಸಿಲುಕಿ ಮಗುಚಿದ ದೋಣಿ", "ಗಾಳಿಯ ಅಬ್ಬರಕ್ಕೆ ಬೋಟ್ ಮುಳುಗಡೆ". ಒಳಗೆ ಎಷ್ಟು ಜನ ಇದ್ರು, ಎಷ್ಟು ಜನ ಈಜಿ ದಡ ಸೇರಿದ್ರು, ಎಷ್ಟು ಲಕ್ಷ ನಷ್ಟ, ಯಾವ ನಾಯಕರು ಬಂದು ನೋಡಿ ಹೋದ್ರು, ಅಲ್ಲಿಗೆ ಮುಗೀತು. ಬೋಟಿನ ಅಗಲ ಎಷ್ಟು, ಡೆಕ್ ನೀರಿಂದ ಎಷ್ಟು ಎತ್ತರದಲ್ಲಿತ್ತು, ಬಲೆ ಎಲ್ಲಿ ರಾಶಿ ಹಾಕಿದ್ರು, ಕ್ಯಾಬಿನ್ ಆಮೇಲೆ ಎತ್ತರಿಸಿದ್ದಾ, ಹೋಲ್ಡಲ್ಲಿ (ಡೆಕ್ ಕೆಳಗೆ ಮೀನು ತುಂಬೋ ಜಾಗ) ನೀರು ನಿಂತಿತ್ತಾ, ಇದರ ಬಗ್ಗೆ ಒಂದಕ್ಷರ ಇರಲ್ಲ. ಅಲೆ ಬಂತು, ಬೋಟ್ ಹೋಯ್ತು, ಅಷ್ಟೇ. ಅಲೆ ಏನು ಕೋರ್ಟಿಗೆ ಬಂದು ನಾನಲ್ಲ ಅಂತ ಹೇಳುತ್ತಾ?

ನಾನು ಮರ್ಚೆಂಟ್ ನೇವಿಯಲ್ಲಿ ಡೆಕ್ ಕಡೆ ಕೆಲಸ ಮಾಡಿ ಚೀಫ್ ಆಫೀಸರ್ ಆಗಿ ರಿಟೈರ್ ಆದವನು, ಈಗ ಸುರತ್ಕಲ್ ಹತ್ರ ಇದೀನಿ. ಹಡಗಲ್ಲಿ ಲೋಡಿಂಗ್ ಮತ್ತು ಸ್ಟೆಬಿಲಿಟಿ (ವಾಲಿದ ಹಡಗು ವಾಪಸ್ ಎದ್ದು ನಿಲ್ಲೋ ಶಕ್ತಿ) ಲೆಕ್ಕ ಪೂರ್ತಿ ಚೀಫ್ ಆಫೀಸರ್ ತಲೆ ಮೇಲೇ ಇರೋದು, ಹಾಗಾಗಿ ಈ ಸುದ್ದಿ ಓದಿದಾಗೆಲ್ಲ ಕೈ ತುರಿಸುತ್ತೆ. ಈ ಸಲ ಬರೆದೇ ಬಿಡೋಣ ಅಂತ ಕೂತೆ, ಸ್ವಲ್ಪ ಉದ್ದ ಆಗುತ್ತೆ, ಜಾಗ ಇದ್ರೆ ಹಾಕಿ.

ಒಂದೇ ಅಲೆ, ಒಂದೇ ರಾತ್ರಿ, ಎರಡು ಹಡಗು, ಒಂದು ಉಳೀತು ಒಂದು ಹೋಯ್ತು ಅನ್ನೋದಕ್ಕೆ ಬ್ರಿಟಿಷ್ ನೌಕಾಪಡೆಯ ಎಚ್‌ಎಂಎಸ್ ಕ್ಯಾಪ್ಟನ್ ಅನ್ನೋ ಹಡಗಿಗಿಂತ ಒಳ್ಳೇ ಉದಾಹರಣೆ ಇಲ್ಲ. 1870ರ ಸೆಪ್ಟೆಂಬರ್ 7, ನಡುರಾತ್ರಿ ದಾಟಿದ ಸ್ವಲ್ಪ ಹೊತ್ತಿಗೆ, ಸ್ಪೇನ್ ದೇಶದ ಫಿನಿಸ್ಟರ್ ಭೂಶಿರದ ಆಚೆ. ಕ್ಯಾಪ್ಟನ್ ಮತ್ತು ಮೊನಾರ್ಕ್ ಅಂತ ಎರಡು ಹೊಸ ಕಬ್ಬಿಣದ ಕವಚದ ಯುದ್ಧನೌಕೆಗಳು ಒಂದೇ ತಂಡದಲ್ಲಿ ಹೋಗ್ತಿದ್ವು, ಎರಡಕ್ಕೂ ಪಟ, ಎರಡಕ್ಕೂ ಮೇಲೆ ತಿರುಗೋ ತೋಪಿನ ಗೋಪುರ. ವ್ಯತ್ಯಾಸ ಇದ್ದಿದ್ದು ಮೈಯ ಎತ್ತರದಲ್ಲಿ. ಕ್ಯಾಪ್ಟನ್ ಡೆಕ್ ನೀರಿಂದ ಬರೀ 8 ಅಡಿ ಮೇಲಿರಲಿ ಅಂತ ಡಿಸೈನ್ ಮಾಡಿದ್ರು, ಕಟ್ಟುವಾಗ ತೂಕ 700 ಟನ್‌ಗೂ ಜಾಸ್ತಿ ಆಗಿ ಕೊನೆಗೆ ಉಳಿದಿದ್ದು ಆರೂವರೆ ಅಡಿ. ಮೊನಾರ್ಕ್ ಮೈ ಅದಕ್ಕಿಂತ ತುಂಬ ಎತ್ತರ. ಮಜಾ ಏನಂದ್ರೆ ಮೊದಲ ಹದಿನಾಲ್ಕು ಡಿಗ್ರಿ ವಾಲೋ ತನಕ ಎರಡೂ ಹೆಚ್ಚುಕಮ್ಮಿ ಒಂದೇ ಬಲದಲ್ಲಿ ಎದ್ದು ನಿಲ್ತಿದ್ವು, ಸಣ್ಣ ಅಲೆಯಲ್ಲಿ ಹತ್ತಿ ನಿಂತವನಿಗೆ ಏನೂ ಗೊತ್ತಾಗ್ತಿರಲಿಲ್ಲ. ಆಮೇಲೆ ಕ್ಯಾಪ್ಟನ್‌ದು ಡೆಕ್ ಅಂಚು ನೀರಿಗೆ ಇಳಿಯುತ್ತೆ, ಅಲ್ಲಿಂದ ಎತ್ತೋ ಶಕ್ತಿ ಏರೋದು ನಿಧಾನ ಆಗಿ 21 ಡಿಗ್ರಿಗೆ ತುದಿ ಮುಟ್ಟಿ ಇಳಿಯೋಕೆ ಶುರು, 54 ಡಿಗ್ರಿ ಹೊತ್ತಿಗೆ ಸೊನ್ನೆ. ಮೊನಾರ್ಕ್‌ಗೆ ಆ ತುದಿ ಬರೋದು 40 ಡಿಗ್ರಿ ಆಸುಪಾಸು. ಆ ರಾತ್ರಿ ಗಾಳಿ ಜೋರಾಗಿ ಪಟಕ್ಕೆ ಹೊಡೀತು, ಮೊನಾರ್ಕ್ ವಾಲಿ ವಾಪಸ್ ಎದ್ದಿತು, ಕ್ಯಾಪ್ಟನ್ ಎದ್ದೇಳಲೇ ಇಲ್ಲ, ಸುಮಾರು 480 ಜನ ಹೋದ್ರು, ಅದನ್ನ ಡಿಸೈನ್ ಮಾಡಿದ ಕೌಪರ್ ಕೋಲ್ಸ್ ಕೂಡ ಅದರಲ್ಲೇ ಇದ್ದ, ಅವನೂ ಹೋದ.

ನಿಮಗೆ ಇಷ್ಟವಾಗೋಲ್ವೇನೋ ಆದ್ರೂ ಹೇಳ್ತೀನಿ, ಆ ಹಡಗು ಕಟ್ಟಿಸಿದ್ದರಲ್ಲಿ ಪೇಪರಿನವರ ಪಾಲೂ ಇತ್ತು. ನೌಕಾಪಡೆಯ ಮುಖ್ಯ ಡಿಸೈನರ್ ಎಡ್ವರ್ಡ್ ರೀಡ್ ಬೇಡ ಬೇಡ ಅಂದ್ರೂ ಕೋಲ್ಸ್ ಪೇಪರು, ಪಾರ್ಲಿಮೆಂಟು ಎಲ್ಲಾ ಕಡೆ ಗಲಾಟೆ ಮಾಡಿ ಒಪ್ಪಿಸಿದ. ಆಮೇಲೆ ನಡೆದ ಕೋರ್ಟ್ ಮಾರ್ಷಲ್ (ನೌಕಾಪಡೆಯದೇ ವಿಚಾರಣೆ) ಕೂಡ ತಜ್ಞರ ಮಾತು ಬಿಟ್ಟು ಸಾರ್ವಜನಿಕ ಅಭಿಪ್ರಾಯಕ್ಕೆ ಮಣಿದು ಕಟ್ಟಿದ ಹಡಗು ಇದು ಅಂತ ದಾಖಲೆ ಮಾಡಿಟ್ಟಿತು.

ಇಲ್ಲಿ ಒಂದು ವಿಷಯ ಜನರಿಗೆ ಉಲ್ಟಾ ಅರ್ಥ ಆಗಿದೆ, ಅದಕ್ಕೇ ಈ ಪತ್ರ ಬರೀತಿರೋದು. ಹಡಗು ಆಗ್ಲಿ ಬೋಟ್ ಆಗ್ಲಿ, ಅಲೆಗೆ ಪಟಪಟ ಅಂತ ಅಲ್ಲಾಡಿದ್ರೆ "ಇದು ಸರಿ ಇಲ್ಲ" ಅಂತಾರೆ, ನಿಧಾನಕ್ಕೆ ಆಕಡೆ ಈಕಡೆ ವಾಲಿ ಬಂದ್ರೆ "ಎಷ್ಟು ಆರಾಮ ಇದೆ ನೋಡಿ" ಅಂತ ಖುಷಿ ಪಡ್ತಾರೆ. ಲೆಕ್ಕದಲ್ಲಿ ನೋಡಿದ್ರೆ ಆ ಆರಾಮದ ಬೋಟ್ ಮೇಲೇ ಡೌಟ್ ಪಡಬೇಕು. ಬೋಟಿನ ಒಟ್ಟು ತೂಕ ಒಂದು ಬಿಂದುವಿನಲ್ಲಿ ಕೂತಿದೆ ಅಂದ್ಕೊಳ್ಳಿ, ಅದರ ಮೇಲೆ ಇನ್ನೊಂದು ಬಿಂದು ಇರುತ್ತೆ, ಅದನ್ನ ಮೆಟಾಸೆಂಟರ್ ಅಂತಾರೆ, ಅದು ಎಲ್ಲಿರುತ್ತೆ ಅನ್ನೋದನ್ನ ಮುಖ್ಯವಾಗಿ ನೀರಿನ ಮಟ್ಟದಲ್ಲಿ ಬೋಟ್ ಎಷ್ಟು ಅಗಲ ಇದೆ ಅನ್ನೋದು ತೀರ್ಮಾನ ಮಾಡುತ್ತೆ. ಇವೆರಡರ ನಡುವಿನ ದೂರಕ್ಕೆ ನಾವು ಜಿಎಂ ಅಂತೀವಿ. ಜಿಎಂ ಜಾಸ್ತಿ ಇದ್ರೆ ಬೋಟ್ ಥಟ್ಟಂತ ಎದ್ದು ನಿಲ್ಲುತ್ತೆ, ಕಮ್ಮಿ ಇದ್ರೆ ಸೋಮಾರಿ ಥರ ನಿಧಾನ. ಮೇಲೆ ಭಾರ ಹೇರಿದಷ್ಟೂ ತೂಕದ ಬಿಂದು ಮೇಲಕ್ಕೆ ಹೋಗಿ ಜಿಎಂ ಕಮ್ಮಿ ಆಗ್ತಾ ಬರುತ್ತೆ, ಬೋಟ್ ಇನ್ನೂ ಇನ್ನೂ "ಆರಾಮ" ಆಗ್ತಾ ಹೋಗುತ್ತೆ. ಹಾಗಂತ ಜಿಎಂ ವಿಪರೀತ ಜಾಸ್ತಿ ಇದ್ರೂ ಕಷ್ಟವೇ, ಒಂದೊಂದು ಅಲೆಗೂ ಚಾಟಿ ಬೀಸಿದ ಹಾಗೆ ಎಳೆದು ಡೆಕ್ ಮೇಲಿನ ಮನುಷ್ಯರನ್ನ ಎಸೆಯುತ್ತೆ, ಕಟ್ಟಿದ್ದೆಲ್ಲ ಬಿಚ್ಚಿ ಹೋಗುತ್ತೆ, ಅದಕ್ಕೇ ಡಿಸೈನ್ ಮಾಡೋವ್ರು ಎರಡರ ಮಧ್ಯ ಒಂದು ಜಾಗ ಹುಡುಕೋದು.

ಇದನ್ನ ಅಳೆಯೋಕೆ ದೊಡ್ಡ ಮೆಷಿನ್ ಏನೂ ಬೇಡ ಮಾರಾಯ್ರೆ, ಮೊಬೈಲಲ್ಲಿರೋ ಸ್ಟಾಪ್‌ವಾಚ್ ಸಾಕು. ಅಂತಾರಾಷ್ಟ್ರೀಯ ಕಡಲ ಸಂಸ್ಥೆ ಐಎಂಒ ಸಣ್ಣ ಹಡಗುಗಳಿಗೆ ಅಂತಲೇ ಈ ವಿಧಾನ ಹೇಳಿದೆ. ಧಕ್ಕೆಯಲ್ಲಿ (ಬೋಟ್ ಕಟ್ಟಿ ನಿಲ್ಲಿಸೋ ಕಡೆ) ಅಲೆ ಇಲ್ಲದ ಜಾಗದಲ್ಲಿ ಹಗ್ಗ ಸಡಿಲ ಬಿಟ್ಟು ಬೋಟನ್ನ ತಳ್ಳಿ ತೂಗಿಸಿ, ಒಂದು ಕಡೆ ವಾಲಿ ಇನ್ನೊಂದು ಕಡೆ ಹೋಗಿ ವಾಪಸ್ ಅದೇ ಜಾಗಕ್ಕೆ ಬರೋಕೆ ಎಷ್ಟು ಸೆಕೆಂಡ್ ಅಂತ ನಾಲ್ಕೈದು ಸಲ ಎಣಿಸಿ ಸರಾಸರಿ ತೆಗೀರಿ. ಬೋಟಿನ ಅಗಲವನ್ನ ಮೀಟರಲ್ಲಿ ತಗೊಂಡು 0.8ರಿಂದ ಗುಣಿಸಿ ಆ ಸೆಕೆಂಡಿಂದ ಭಾಗಿಸಿ, ಬಂದ ನಂಬರನ್ನ ಅದರಿಂದಲೇ ಇನ್ನೊಂದು ಸಲ ಗುಣಿಸಿ, ಅದೇ ಜಿಎಂ, ಮೀಟರಲ್ಲಿ. ಆಳಸಮುದ್ರಕ್ಕೆ ಹೋಗೋ ಮೀನುಗಾರಿಕೆ ಬೋಟಿಗೆ 0.8 ಅನ್ನೋದು ಅಂದಾಜಿನ ನಂಬರ್, ಬೋಟಿನ ಜಾತಿ ನೋಡಿ ಸ್ವಲ್ಪ ಬದಲಾಗುತ್ತೆ. 6 ಮೀಟರ್ ಅಗಲದ ಬೋಟ್ 5 ಸೆಕೆಂಡಲ್ಲಿ ತೂಗಿ ಬಂದ್ರೆ ಜಿಎಂ 92 ಸೆಂಟಿಮೀಟರ್, ಗಟ್ಟಿ ಇದೆ. ಅದೇ ಬೋಟಿಗೆ 8 ಸೆಕೆಂಡ್ ಬೇಕಾದ್ರೆ 36 ಸೆಂಟಿಮೀಟರ್. ಐಎಂಒ ಒಂದೇ ಡೆಕ್ಕಿನ ಮೀನುಗಾರಿಕೆ ಹಡಗಿಗೆ ಕನಿಷ್ಠ 35 ಇರಲೇಬೇಕು ಅನ್ನುತ್ತೆ, ಅಂದ್ರೆ 8 ಸೆಕೆಂಡಿನ ಬೋಟ್ ಅಂಚಲ್ಲಿ ನಿಂತಿದೆ, 9 ಸೆಕೆಂಡ್ ಆದ್ರೆ 28ಕ್ಕೆ ಇಳಿದು ಫೇಲ್. ಐದರಿಂದ ಒಂಬತ್ತಕ್ಕೆ ಬರೀ ನಾಲ್ಕು ಸೆಕೆಂಡ್ ವ್ಯತ್ಯಾಸ, ಆದ್ರೆ ಜಿಎಂ ಮೂರನೇ ಒಂದು ಭಾಗಕ್ಕೂ ಕೆಳಗೆ ಬಂತು. ಈ ಟೆಸ್ಟ್ ಎಲ್ಲವನ್ನೂ ಹೇಳಲ್ಲ ಅನ್ನೋದು ನಿಜ, ಕ್ಯಾಪ್ಟನ್ ಹಡಗು ಇದರಲ್ಲಿ ಪಾಸ್ ಆಗಿಬಿಡ್ತಿತ್ತು, ಯಾಕಂದ್ರೆ ಅದರ ಕಾಯಿಲೆ ಇದ್ದಿದ್ದು ಡೆಕ್ ಎತ್ತರದಲ್ಲಿ. ಹಾಗಾಗಿ ಲೋಡ್ ತುಂಬಿದ ಮೇಲೆ ಡೆಕ್ ನೀರಿಂದ ಎಷ್ಟು ಮೇಲಿದೆ ಅಂತ ಟೇಪ್ ಹಿಡಿದು ಅದನ್ನೂ ನೋಡ್ಬೇಕು.

ಈಗ ನಮ್ಮ ಮಲ್ಪೆ, ಮಂಗಳೂರು, ಗಂಗೊಳ್ಳಿ ಕಡೆ ಬನ್ನಿ. ಬೋಟ್ ಕಟ್ಟೋ ಮೇಸ್ತ್ರಿಗಳ ಕೈಚಳಕದ ಬಗ್ಗೆ ನನಗೆ ಎರಡು ಮಾತಿಲ್ಲ, ಕಣ್ಣಳತೆಯಲ್ಲೇ ಒಳ್ಳೇ ಮೈ ಕಟ್ಟಿ ಕೊಡ್ತಾರೆ. ಪ್ರಾಬ್ಲಂ ಶುರುವಾಗೋದು ಬೋಟ್ ನೀರಿಗಿಳಿದ ಮೇಲೆ. ಒಂದು ವರ್ಷ ಕ್ಯಾಬಿನ್ ಮೇಲೆ ಇನ್ನೊಂದು ರೂಮು, ಮುಂದಿನ ವರ್ಷ ಅದರ ಮೇಲೆ ಶೀಟು, ಬಲೆ ಎಳೆಯೋ ದೊಡ್ಡ ವಿಂಚ್, ನೀರಿನ ಟ್ಯಾಂಕ್ ಮೇಲೆ, ಜಾಸ್ತಿ ಉದ್ದದ ಬಲೆ, ಮೀನಿನ ಹಿಂಡನ್ನ ಸುತ್ತುವರಿಯೋ ಪರ್ಸೀನ್ ಬಲೆ ಒದ್ದೆ ಆದಾಗ ಎಷ್ಟು ತೂಕ ಅಂತ ಎಳೆದವ್ರಿಗೇ ಗೊತ್ತು, ಅದು ಪೂರ್ತಿ ಡೆಕ್ ಮೇಲೆ ರಾಶಿ. ಪ್ರತಿಯೊಂದೂ ಬಿಡಿಬಿಡಿಯಾಗಿ ನೋಡಿದ್ರೆ ಸಣ್ಣದು, ಎಲ್ಲಾ ಮೇಲೇ ಕೂರುತ್ತೆ ನೋಡಿ, ಬೋಟ್ ಸ್ವಲ್ಪ ಸ್ವಲ್ಪ ಸೋಮಾರಿ ಆಗ್ತಾ ಹೋಗುತ್ತೆ, ಬೋಟ್ ನಡೆಸೋ ತಾಂಡೇಲನಿಗೆ ಅದು ಅಭ್ಯಾಸ ಆಗಿಬಿಡುತ್ತೆ. ನಾನು ಪರಿಚಯದ ಬೋಟ್ ಮಾಲಕರನ್ನ ಸ್ಟೆಬಿಲಿಟಿ ಬುಕ್ಲೆಟ್ (ಬೋಟಿನ ಸ್ಟೆಬಿಲಿಟಿ ಲೆಕ್ಕ ಬರೆದಿಟ್ಟ ಪುಸ್ತಕ) ಇದ್ರೆ ತೋರಿಸಿ ಅಂತ ಕೇಳಿದ್ದೀನಿ, ಇಲ್ಲಿ ತನಕ ಯಾರೂ ತೋರಿಸಿಲ್ಲ, ಅದೇನು ಅಂತ ವಾಪಸ್ ಕೇಳಿದವ್ರೇ ಜಾಸ್ತಿ. ಅವರದ್ದು ತಪ್ಪು ಅಂತ ನಾನು ಹೇಳಲ್ಲ, ಕೇಳೋರೇ ಇಲ್ಲದ ಮೇಲೆ ಅವರು ಯಾಕೆ ಮಾಡಿಸ್ತಾರೆ. ಮೀನುಗಾರಿಕೆ ಹಡಗುಗಳ ಸುರಕ್ಷತೆಗೆ ಅಂತ 1977ರ ಟೊರೆಮೊಲಿನೋಸ್ ಒಪ್ಪಂದ, ಆಮೇಲೆ 2012ರ ಕೇಪ್‌ಟೌನ್ ಒಪ್ಪಂದ ಅಂತ ಇವೆ, ಆದ್ರೆ ಅವು ಹೇಳೋದು 24 ಮೀಟರ್ ಮತ್ತು ಅದಕ್ಕಿಂತ ಉದ್ದದ ಹಡಗಿನ ಬಗ್ಗೆ, ನಮ್ಮ ಬೋಟುಗಳು ಹೆಚ್ಚಿನವು ಅದಕ್ಕಿಂತ ಗಿಡ್ಡ. ಅದೇ ಮಲ್ಪೆಯಲ್ಲಿ ಕೊಚ್ಚಿನ್ ಶಿಪ್‌ಯಾರ್ಡಿನ ಉಡುಪಿ ಯಾರ್ಡ್ ನಾರ್ವೆ ಕಂಪನಿಗೆ ಸರಕು ಹಡಗು ಕಟ್ಟೋ ಆರ್ಡರ್ ತಗೊಂಡಿದೆ, ಅಂಥ ಹಡಗು ವಾಲಿಸಿ ಅಳೆಯೋ ಟೆಸ್ಟ್ ಮಾಡದೆ, ಸ್ಟೆಬಿಲಿಟಿ ಬುಕ್ಲೆಟ್ ಇಲ್ಲದೆ ಗೇಟ್ ದಾಟಲ್ಲ. ಅಲ್ಲೇ ಪಕ್ಕದ ಧಕ್ಕೆಯಲ್ಲಿರೋ ನಮ್ಮ ಹುಡುಗರ ಬೋಟಿಗೆ ಏನೂ ಇಲ್ಲ.

ಹೋಲ್ಡಲ್ಲಿ ನಿಲ್ಲೋ ನೀರಿನ ಬಗ್ಗೆ ಹೇಳದೇ ಇದ್ರೆ ಅರ್ಧ ಹೇಳಿದ ಹಾಗೆ. ಮದುವೆ ಮನೆಯ ಅಗಲದ ಪರಾತದಲ್ಲಿ ಎರಡು ಬೆರಳು ನೀರು ಹಾಕಿ ಎತ್ಕೊಂಡು ನಡೆದು ನೋಡಿ, ಒಂದು ಕೈ ಚೂರು ತಗ್ಗಿದ್ರೆ ನೀರೆಲ್ಲ ಆ ಕಡೆಗೇ ಓಡಿ ಆ ಕೈಯನ್ನ ಇನ್ನೂ ಕೆಳಗೆ ಎಳೆಯುತ್ತೆ. ಬೋಟ್ ಒಳಗೂ ಅದೇ, ಕರಗಿದ ಐಸ್ ನೀರು, ಮೀನಿನ ಜೊತೆಗಿನ ನೀರು, ಸೋರಿ ಬಂದಿದ್ದು, ಅರ್ಧ ಖಾಲಿಯಾದ ಡೀಸೆಲ್ ಟ್ಯಾಂಕು ಎಲ್ಲಾ ಸೇರಿ ಬೋಟ್ ವಾಲಿದ ಕಡೆಗೇ ಓಡುತ್ತೆ. ಇದರ ಕೆಟ್ಟ ಗುಣ ಏನಂದ್ರೆ ನೀರಿನ ಪ್ರಮಾಣಕ್ಕಿಂತ ಅದು ಎಷ್ಟು ಅಗಲಕ್ಕೆ ಹರಡಿದೆ ಅನ್ನೋದೇ ಮುಖ್ಯ, ಅಗಲ ಎರಡು ಪಟ್ಟಾದ್ರೆ ಕೆಡುಕು ಎಂಟು ಪಟ್ಟು. ಒಳ್ಳೇ ಸುದ್ದಿಯೂ ಅದರಲ್ಲೇ ಇದೆ, ಹೋಲ್ಡ್ ಮಧ್ಯ ಉದ್ದಕ್ಕೆ ಒಂದು ಹಲಗೆ ಗೋಡೆ ಹಾಕಿ ಎರಡು ಭಾಗ ಮಾಡಿದ್ರೆ ಈ ಕೆಡುಕು ಕಾಲು ಭಾಗಕ್ಕೆ ಇಳಿಯುತ್ತೆ. ಒಂದು ಹಲಗೆ ಗೋಡೆ, ಅಷ್ಟೇ ಖರ್ಚು.

ಒಳಗಿನ ಸರಕು, ನೀರಿನ ತೊಂದರೆಯಿಂದ ದೊಡ್ಡ ಹಡಗುಗಳೇ ಹೋಗಿವೆ, ಅದೂ ನಮ್ಮ ಕಣ್ಣೆದುರು. 2009ರ ಜುಲೈಯಲ್ಲಿ ನವಮಂಗಳೂರು ಬಂದರಿನ ಹೊರಗೆ ಏಷಿಯನ್ ಫಾರೆಸ್ಟ್ ಅನ್ನೋ ಹಡಗು ಕಬ್ಬಿಣದ ಅದಿರಿನ ಪುಡಿ ತುಂಬಿಕೊಂಡು ಹೋಗ್ತಾ ವಾಲಿ ಮುಳುಗಿತು, 18 ಜನರನ್ನೂ ಕೋಸ್ಟ್ ಗಾರ್ಡ್‌ನವರು ಉಳಿಸಿದ್ರು. ಮಳೆಗೆ ಒದ್ದೆಯಾದ ಅದಿರಿನ ಪುಡಿ ಹಡಗಿನ ಅಲುಗಾಟಕ್ಕೆ ಕೆಸರಾಗಿ ಹರಿಯೋಕೆ ಶುರುವಾಗುತ್ತೆ, ಒಂದು ಕಡೆಗೆ ಹೋಗಿ ಕೂತ್ರೆ ವಾಪಸ್ ಬರಲ್ಲ, ಆಮೇಲೆ ಮೈ ಎಷ್ಟು ಚೆನ್ನಾಗಿದ್ದು ಏನು ಉಪಯೋಗ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಒಡಿಶಾದ ಪಾರಾದೀಪ್ ಹತ್ರ ಬ್ಲ್ಯಾಕ್ ರೋಸ್ ಕೂಡ ಅದಿರು ಹೊತ್ಕೊಂಡೇ ಮುಳುಗಿತು. 2022ರ ಜೂನಲ್ಲಿ ಉಳ್ಳಾಲ ಬಟ್ಟಪ್ಪಾಡಿ ಎದುರು ಪ್ರಿನ್ಸೆಸ್ ಮಿರಾಲ್, ಸುಮಾರು 8 ಸಾವಿರ ಟನ್ ಉಕ್ಕಿನ ಕಾಯಿಲ್ (ತಗಡಿನ ಸುರುಳಿ) ಇತ್ತು, ಮೈಗೆ ತೂತಾಗಿ ನೀರು ನುಗ್ಗಿ ಹೋಯ್ತು, 15 ಜನ ಸಿರಿಯಾದವರನ್ನ ಇಳಿಸಿದ್ರು. ಎಂಎಸ್‌ಸಿ ಎಲ್ಸಾ 3 ಹಡಗಿನದು ಇನ್ನೂ ಈಚಿನ ಘಟನೆ, 2025ರ ಮೇ 25ಕ್ಕೆ ಕೇರಳದ ಆಚೆ 640 ಕಂಟೇನರ್ ಸಮೇತ ಮುಳುಗಿದ್ದು, ಅದೂ ಮೊದಲು ಒಂದು ಕಡೆ 26 ಡಿಗ್ರಿ ವಾಲಿ ನಿಂತು ಆಮೇಲೆ ಹೋಗಿದ್ದು.

ಇನ್ನು ಮೂತಿ ಮತ್ತು ಹಿಂಭಾಗದ ಆಕಾರ. ಇದು ನನಗೆ ತುಂಬ ಇಷ್ಟದ ವಿಷಯ, ಸಹಿಸ್ಕೊಳ್ಳಿ. ದೊಡ್ಡ ಕಂಟೇನರ್ ಹಡಗುಗಳನ್ನ ಎದುರಿಂದ ನೋಡಿದ್ರೆ ನೀರಿನ ಹತ್ರ ಚೂಪಾಗಿ ಮೇಲೆ ಹೋದ ಹಾಗೆ ಅರಳಿಕೊಂಡಿರುತ್ತೆ, ಹಿಂದೆನೂ ನೀರಿನ ಮೇಲೆ ಚಾಚಿಕೊಂಡು ಅಗಲ. ಕೆಳಗೆ ಚೂಪು ಯಾಕಂದ್ರೆ ಸ್ಪೀಡಿಗೆ, ಮೇಲೆ ಅಗಲ ಯಾಕಂದ್ರೆ ಜಾಸ್ತಿ ಕಂಟೇನರ್ ಇಡೋಕೆ. ಹಡಗಿನಷ್ಟೇ ಉದ್ದದ ಅಲೆ ಎದುರಿಂದ ಬಂದಾಗ ಅಲೆಯ ತಲೆ ಹಡಗಿನ ಮಧ್ಯ ಇದ್ರೆ ಮುಂದೆ ಹಿಂದೆ ಎರಡೂ ತುದಿಯಲ್ಲಿ ನೀರು ತಗ್ಗಿ ಆ ಚೂಪು ಭಾಗ ಮಾತ್ರ ನೀರಲ್ಲಿರುತ್ತೆ, ಸ್ಟೆಬಿಲಿಟಿ ಕುಸಿಯುತ್ತೆ. ಮುಂದಿನ ಕ್ಷಣ ಅಲೆಯ ಗುಂಡಿ ಮಧ್ಯಕ್ಕೆ ಬಂದಾಗ ಅರಳಿದ ಭಾಗಗಳು ಮುಳುಗಿ ಸ್ಟೆಬಿಲಿಟಿ ಏರುತ್ತೆ. ಹೀಗೆ ಏರಿ ಇಳಿಯೋ ತಾಳ ಹಡಗು ತಾನಾಗಿ ತೂಗೋ ಸಮಯದ ಅರ್ಧಕ್ಕೆ ಕೂಡಿಬಂದ್ರೆ, ಪಕ್ಕದಿಂದ ಅಲೆ ಹೊಡೆಯದೇ ಇದ್ರೂ ಹಡಗು ತೂಗೋಕೆ ಶುರುಮಾಡಿ ಕೆಲವೇ ಸುತ್ತಿಗೆ ಭಯಂಕರ ವಾಲುತ್ತೆ. 1998ರ ಅಕ್ಟೋಬರಲ್ಲಿ ಎಪಿಎಲ್ ಚೈನಾ ಅನ್ನೋ ಹಡಗು ತೈವಾನಿನ ಕಾವೋಸಿಯುಂಗ್‌ನಿಂದ ಸಿಯಾಟಲ್‌ಗೆ ಹೋಗ್ತಾ ಇದಕ್ಕೆ ಸಿಕ್ಕಿ 35ರಿಂದ 40 ಡಿಗ್ರಿ ವಾಲಿತು, ಸುಮಾರು 400 ಕಂಟೇನರ್ ನೀರುಪಾಲು, ಇನ್ನೊಂದಷ್ಟು ಡೆಕ್ ಮೇಲೇ ಅಪ್ಪಚ್ಚಿ. ತೂಫಾನ್ ಬಂದ್ರೆ ಮೂತಿಯನ್ನ ಅಲೆಗೆ ಎದುರು ಮಾಡಿ ನಿಧಾನಕ್ಕೆ ಹೋಗು ಅಂತ ನಮಗೆಲ್ಲ ಕಲಿಸಿದ್ರು, ಆ ಹಡಗೂ ಅದನ್ನೇ ಮಾಡ್ತಿತ್ತು! ಪುಸ್ತಕದಲ್ಲಿದ್ದ ಪಾಠ ಹಳೇ ಆಕಾರದ ಹಡಗಿಗೆ ಬರೆದಿದ್ದು.

ಉದ್ದದ್ದೂ ಒಂದು ಕಥೆ ಇದೆ, ನಮ್ಮ ಅರಬ್ಬಿ ಕಡಲಿನದೇ, ಮುಂಗಾರು ಕಾಲದ್ದೇ. 2013ರ ಜೂನ್ 17ರಂದು ಎಂಒಎಲ್ ಕಂಫರ್ಟ್, 316 ಮೀಟರ್ ಉದ್ದ, 2008ರಲ್ಲಿ ಕಟ್ಟಿದ್ದು ಅಂದ್ರೆ ಐದೇ ವರ್ಷ ಹಳೇದು, ಸಿಂಗಾಪುರದಿಂದ ಜೆಡ್ಡಾಕ್ಕೆ ಹೋಗ್ತಾ ಯೆಮನ್ ಆಚೆ ನಡುವೆ ಮುರಿದು ಎರಡು ತುಂಡಾಯ್ತು. ಅಲೆಯ ತಲೆ ಮಧ್ಯಕ್ಕೆ ಬಂದು ಎರಡು ತುದಿ ಭಾರಕ್ಕೆ ಜೋತುಬಿದ್ದಾಗ ತಳದ ತಗಡಿನ ಮೇಲೆ ಒತ್ತಡ ಬೀಳುತ್ತೆ, ಆ ತಳವೇ ಮಡಚಿಕೊಂಡಿತು. ಅದರ ಜೊತೆಗಿನ ಅದೇ ಡಿಸೈನಿನ ಹಡಗುಗಳನ್ನ ನೋಡಿದಾಗ ಅಲ್ಲೂ ತಳದಲ್ಲಿ ಉಬ್ಬು ತಗ್ಗು ಸಿಕ್ಕಿ ಅವಕ್ಕೆಲ್ಲ ಉಕ್ಕು ಸೇರಿಸಿ ಗಟ್ಟಿ ಮಾಡಿದ್ರು. 26 ಜನರೂ ಬದುಕಿದ್ರು, 4 ಸಾವಿರಕ್ಕೂ ಮೇಲೆ ಕಂಟೇನರ್ ಹೋಯ್ತು. ಅಂಥ ಅಲೆಯಲ್ಲಿ ಬೇರೆ ಎಷ್ಟೋ ಹಡಗು ಪ್ರತಿ ಮುಂಗಾರಿನಲ್ಲೂ ಓಡಾಡುತ್ವೆ.

ನಮ್ಮ ಸಣ್ಣ ಬೋಟುಗಳಿಗೆ ಜೀವಕ್ಕೆ ಬರೋದು ನದಿ ಕಡಲು ಸೇರೋ ಅಳಿವೆ ಬಾಯಲ್ಲಿ. ಬೆಂಗ್ರೆ, ಕೋಟೆಪುರ, ಗಂಗೊಳ್ಳಿ, ಹೊನ್ನಾವರದ ಶರಾವತಿ ಬಾಯಿ, ಎಲ್ಲಾ ಕಡೆ ಮರಳಿನ ದಿಬ್ಬ. ಆಳ ಕಮ್ಮಿಯಾಗ್ತಾ ಬಂದ ಹಾಗೆ ಅಲೆ ನಿಧಾನ ಆಗಿ ಎತ್ತರಕ್ಕೆ ಏಳುತ್ತೆ, ಆಳ ಅಲೆಯ ಎತ್ತರದ ಸುಮಾರು ಒಂದೂಕಾಲು ಪಟ್ಟಿಗೆ ಇಳಿದಾಗ ಒಡೆಯುತ್ತೆ. 3 ಮೀಟರ್ ಆಳದಲ್ಲಿ ಅಲೆಯ ವೇಗ ಸುಮಾರು 10 ನಾಟ್ (ಗಂಟೆಗೆ 18-19 ಕಿಲೋಮೀಟರ್), ಮನೆಗೆ ಬರೋ ಬೋಟಿನ ವೇಗವೂ ಹತ್ತಿರತ್ತಿರ ಅಷ್ಟೇ. ಹಾಗಾಗಿ ಹಿಂದಿಂದ ಬಂದ ಅಲೆ ಬೋಟನ್ನ ದಾಟಿ ಹೋಗದೇ ಅದರ ಹಿಂಭಾಗವನ್ನ ಎತ್ತಿ ಹಿಡ್ಕೊಂಡೇ ಬರುತ್ತೆ, ಅಲೆಯ ತಲೆಯಲ್ಲಿ ನೀರೇ ಮುಂದಕ್ಕೆ ಓಡ್ತಿರೋದ್ರಿಂದ ಚುಕ್ಕಾಣಿಗೆ ಹಿಡಿತ ಸಿಗಲ್ಲ, ಮೂತಿ ಕೆಳಗೆ ಚುಚ್ಚಿಕೊಳ್ಳುತ್ತೆ, ಹಿಂಭಾಗ ಪಕ್ಕಕ್ಕೆ ಜಾರುತ್ತೆ, ಬೋಟ್ ಅಡ್ಡ ಬಿತ್ತು ಅಂದ್ರೆ ಮುಂದಿನ ಅಲೆ ಮಗುಚುತ್ತೆ. ಹಿಂಭಾಗ ಅಗಲವಾಗಿ ಚಪ್ಪಟೆ ಕತ್ತರಿಸಿದ್ದಾದ್ರೆ ಅಲೆಗೆ ಎತ್ತೋಕೆ ಅಷ್ಟೂ ಸುಲಭ. ದಡಕ್ಕೆ ಎಳೆಯೋ ದೊಡ್ಡ ಬಲೆ ಹಾಕ್ತಿದ್ದ ಹಳೇ ರಂಪಣಿ ದೋಣಿಗಳು ಎರಡೂ ತುದಿ ಚೂಪಾಗಿದ್ವು, ಹಿಂದಿನ ಅಲೆಯನ್ನ ಎರಡು ಭಾಗ ಮಾಡಿ ಪಕ್ಕಕ್ಕೆ ಬಿಡ್ತಿದ್ವು. ಹಾಗಂತ ವಾಪಸ್ ಅದಕ್ಕೇ ಹೋಗಿ ಅನ್ನೋಕಾಗಲ್ಲ, ಬಲೆಯನ್ನ ಹಿಂದೆ ಎಳ್ಕೊಂಡು ಹೋಗೋ ಟ್ರಾಲ್ ಬೋಟಿಗೆ ಹಿಂದೆ ಅಗಲದ ಡೆಕ್ ಬೇಕು, ಔಟ್‌ಬೋರ್ಡ್ ಎಂಜಿನ್ ಕೂರಿಸೋಕೆ ಚಪ್ಪಟೆ ಹಲಗೆ ಬೇಕು, ಬದುಕು ನಡೀಬೇಕಲ್ವಾ. ಆದ್ರೆ ಮೈ ಹಾಗಿದೆ ಅಂದ ಮೇಲೆ ಅಲೆ ಬೆನ್ನ ಮೇಲೆ ಹತ್ತಿ ಫುಲ್ ಸ್ಪೀಡಲ್ಲಿ ನುಗ್ಗೋದು ಬಿಡಬೇಕು, ಸ್ಪೀಡ್ ಇಳಿಸಿ ಅಲೆಯನ್ನ ಮುಂದೆ ಹೋಗೋಕೆ ಬಿಡಬೇಕು, ಮೂತಿ ಕಡೆ ಮೀನು ತುಂಬಿಸಿ ಭಾರ ಮಾಡಿರಬಾರ್ದು. ಅನುಭವಸ್ಥ ತಾಂಡೇಲರಿಗೆ ಇದೆಲ್ಲ ಗೊತ್ತು, ಹೊಸ ಹುಡುಗರಿಗೆ ಯಾರು ಹೇಳಿಕೊಡ್ತಾರೆ?

ಇಷ್ಟೆಲ್ಲಾ ಬರೆದಿದ್ದು ಯಾಕಂದ್ರೆ ಒಂದು ಸುಲಭದ ದಾರಿ ಇದೆ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರೀಕೃತ ಬೋಟುಗಳಿಗೆ ರಜೆ, ಎಲ್ಲಾ ಧಕ್ಕೆಯಲ್ಲೇ ಕಟ್ಟಿರುತ್ತೆ. ಆ ಎರಡು ತಿಂಗಳಲ್ಲಿ ಮೀನುಗಾರಿಕೆ ಇಲಾಖೆ ಪ್ರತಿ ಬೋಟಿಗೂ ಈ ಸ್ಟಾಪ್‌ವಾಚ್ ಟೆಸ್ಟ್ ಮಾಡಿಸ್ಲಿ, ಬಲೆ ಡೀಸೆಲ್ ನೀರು ತುಂಬಿದ ಸ್ಥಿತಿಯಲ್ಲಿ, ಬಂದ ಸೆಕೆಂಡನ್ನ ಕ್ಯಾಬಿನ್ ಒಳಗೆ ಪೇಂಟಲ್ಲಿ ಬರೆಸ್ಲಿ. ಮುಂದಿನ ವರ್ಷ ಅದು ಜಾಸ್ತಿ ಆಗಿದ್ರೆ ಮೇಲೆ ಏನು ಸೇರಿಸಿದ್ರು ಅಂತ ಕೇಳ್ಲಿ, ಕನಿಷ್ಠಕ್ಕಿಂತ ಕೆಳಗೆ ಹೋದವನ್ನ ಮಾತ್ರ ಸರಿಯಾದ ಇನ್‌ಕ್ಲೈನಿಂಗ್ ಟೆಸ್ಟಿಗೆ, ಅಂದ್ರೆ ಆ ವಾಲಿಸಿ ಅಳೆಯೋ ಟೆಸ್ಟಿಗೆ ಕಳಿಸ್ಲಿ. ಮಾಡೋಕೆ ಜನ ಇಲ್ಲ ಅನ್ನೋ ಹಾಗಿಲ್ಲ, ಮಂಗಳೂರಲ್ಲಿ 1969ರಿಂದ ಮೀನುಗಾರಿಕಾ ಕಾಲೇಜಿದೆ, ಸುರತ್ಕಲ್ಲಲ್ಲಿ ಎಂಜಿನಿಯರಿಂಗ್ ಕಲಿಸೋ ಎನ್‌ಐಟಿಕೆ ಇದೆ, ಕೊಚ್ಚಿಯಲ್ಲಿ ಬೋಟ್ ಡಿಸೈನ್ ಮಾಡೋ ಕೇಂದ್ರ ಸರ್ಕಾರದ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಸಿಐಎಫ್‌ಟಿ ಇದೆ. ಮಾಲಕರ ಸಂಘದವರು ಮೊದಲು ಬೇಡ ಅಂತಾರೆ, ಗೊತ್ತು, ಫೇಲ್ ಆದ್ರೆ ಬೋಟ್ ನಿಲ್ಲಿಸ್ತಾರೆ ಅನ್ನೋ ಭಯ. ಮೊದಲ ವರ್ಷ ದಂಡ ಗಿಂಡ ಏನೂ ಇಲ್ಲ, ಬರೀ ನಂಬರ್ ಬರೆದು ಕೊಡ್ತೀವಿ ಅಂದ್ರೆ ಬರ್ತಾರೆ ಅಂತ ನನ್ನ ಅನಿಸಿಕೆ.

ನಿಮ್ಮ ವರದಿಗಾರರಿಗೂ ಒಂದು ರಿಕ್ವೆಸ್ಟ್. ಮುಂದಿನ ಸಲ ಬೋಟ್ ಮಗುಚಿದ ಜಾಗಕ್ಕೆ ಹೋದಾಗ ಬದುಕಿ ಬಂದವರು ಸ್ವಲ್ಪ ಸುಧಾರಿಸಿಕೊಂಡ ಮೇಲೆ ಇಷ್ಟು ಕೇಳಿ: ಬಲೆ ಎಲ್ಲಿತ್ತು, ಹೋಲ್ಡಲ್ಲಿ ನೀರಿತ್ತಾ, ಅಲೆ ಎದುರಿಂದ ಬಂತಾ ಹಿಂದಿಂದ ಬಂತಾ, ಕಳೆದ ವರ್ಷಕ್ಕಿಂತ ಈ ವರ್ಷ ಬೋಟ್ ನಿಧಾನಕ್ಕೆ ತೂಗ್ತಿತ್ತಾ. ಕೊನೇ ಪ್ರಶ್ನೆಗೆ ಬೋಟಲ್ಲಿ ದುಡಿಯೋ ಕಲಾಸಿಗಳೇ ಸರಿಯಾದ ಉತ್ತರ ಕೊಡ್ತಾರೆ, ಡೆಕ್ ಮೇಲೆ ಮಲಗೋರು ಅವರೇ ತಾನೆ.

ಇಂತಿ,
ಒಬ್ಬ ನಿವೃತ್ತ ಚೀಫ್ ಆಫೀಸರ್, ಸುರತ್ಕಲ್